ನಲವತ್ತೊಂದನೇ ನಂಬರಿನ ಅಂಗಿ

ರಕ್ತದ ಬಟ್ಟೆಯನ್ನು ತಣ್ಣೀರಲ್ಲೇ ನೆನೆಹಾಕಬೇಕು. ಬಿಸಿನೀರು ಬಿತ್ತೋ, ಕಲೆ ಕಚ್ಚಿಕೊಂಡು ಕೂರುತ್ತದೆ. ಆಮೇಲೆ ಏನು ತಿಪ್ಪರಲಾಗ ಹಾಕಿದರೂ ಹೋಗುವುದಿಲ್ಲ. ಹದಿನಾಲ್ಕು ವರ್ಷದಿಂದ ಇದೇ ಲಾಂಡ್ರಿಯಲ್ಲಿ ಕೈ ಸವೆಸಿದ್ದೇನೆ, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಆ ಸೋಮವಾರ ವಿಮಾನ ಕಂಪನಿಯಿಂದ ಒಬ್ಬ ಟೈ ಕಟ್ಟಿದವನು ಬಂದು, ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಟ್ಟೆ ಒಗೆಯುವುದು ಹೇಗೆ ಅಂತ ಪಾಠ ಮಾಡಿದ. ಗೌರವದಿಂದ ಒಗೆಯಬೇಕಂತೆ. "ಇವು ಬರೀ ಬಟ್ಟೆಗಳಲ್ಲ, ಸತ್ತವರ ಮನೆಯವರಿಗೆ ಉಳಿದಿರೋದು ಇಷ್ಟೇ" ಅಂದ. ನಾನು ತಲೆ ಅಲ್ಲಾಡಿಸಿದೆ. ನನ್ನ ತಂಗಿ ಸತ್ತು ಆಗ ನಾಲ್ಕು ದಿನವಾಗಿತ್ತು.

ಅವನಿಗೆ ಅದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಯಾವ ಪಟ್ಟಿಯಲ್ಲೂ ಅವಳ ಹೆಸರಿರಲಿಲ್ಲ.

ಗುರುವಾರ ಮಧ್ಯಾಹ್ನ ಇಳಿಯುತ್ತಿದ್ದ ವಿಮಾನದ ಒಂದು ಕಡೆಯ ಚಕ್ರ ಹೊರಗೆ ಬರಲಿಲ್ಲ. ಹೊಟ್ಟೆ ನೆಲಕ್ಕೆ ಉಜ್ಜಿಕೊಂಡೇ ಬಂದು, ದಾರಿ ಬಿಟ್ಟು ಹೊರಳಿ, ಅಂಚಿನಲ್ಲಿದ್ದ ತಗಡಿನ ಶೆಡ್ಡಿಗೆ ರೆಕ್ಕೆ ಬಡಿದು ನಿಂತಿತು. ಆಮೇಲೆ ಬೆಂಕಿ. ವಿಮಾನದೊಳಗೆ ಮೂವತ್ತಾರು ಜನ ಹೋದರು. ಶೆಡ್ಡಿನಲ್ಲಿ ವಿಮಾನ ಗುಡಿಸುವ ಹೆಂಗಸರು ಊಟಕ್ಕೆ ಕೂತಿದ್ದರು. ಅವರಲ್ಲಿ ಮೂವರು ಹೋದರು. ಗುತ್ತಿಗೆದಾರರ ಪ್ರಕಾರ ಇಬ್ಬರು. ಆ ಲೆಕ್ಕಕ್ಕೆ ಬಾರದ ಮೂರನೆಯವಳು ನನ್ನ ತಂಗಿ, ನಮ್ಮ ಕಡ್ಡಿ.

ಕಡ್ಡಿ ಅಂತ ಕರೆಯುತ್ತಿದ್ದದ್ದು ಅವಳು ಅಷ್ಟು ತೆಳ್ಳಗಿದ್ದಳು ಅಂತ. ಒಂದು ವಿಮಾನ ಇಳಿದು ಮತ್ತೆ ಹಾರುವುದರೊಳಗೆ ಅವರಿಗೆ ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಸೀಟಿನ ಕೆಳಗೆ ಮಂಡಿಯೂರಿ ಬಾಚಬೇಕು, ಮುಂದಿನ ಚೀಲದಲ್ಲಿ ಜನ ತುರುಕಿಟ್ಟ ಎಂಜಲು ತೆಗೆಯಬೇಕು, ವಾಂತಿ ಒರೆಸಬೇಕು, ಕಕ್ಕಸು ತೊಳೆಯಬೇಕು. ಮಂಡಿಚಿಪ್ಪಿನ ಮೇಲೆ ಚರ್ಮ ಒರಟಾಗಿ ಕಪ್ಪಗಾಗಿತ್ತು. ಮನೆಗೆ ಬಂದು ಕಾಲು ಚಾಚಿ ಕೂತು ನಗುತ್ತಿದ್ದಳು. "ಅಕ್ಕಾ, ದಿನಕ್ಕೆ ಎಂಟು ವಿಮಾನ ಹತ್ತಿ ಇಳೀತೀನಿ, ಇನ್ನೂ ಇದೇ ಊರಲ್ಲೇ ಇದ್ದೀನಿ ನೋಡು."

ಅವಳು ಬದಲಿ. ಈ ಮಾತನ್ನು ನಮ್ಮ ಕಡೆ ಬಿಡಿಸಿ ಹೇಳುವುದು ಬೇಡ, ಆದರೆ ಟೈ ಕಟ್ಟಿದವರಿಗೆ ಹೇಳಬೇಕಾಗುತ್ತದೆ. ನಲವತ್ತೊಂದನೇ ನಂಬರು ದುಂಡಕ್ಕನದು. ದುಂಡಕ್ಕ ವಿಮಾನದ ಮೆಟ್ಟಿಲಿನಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಳು. ರಜೆ ಅಂದರೆ ನಂಬರು ಹೋಗುತ್ತದೆ. ಹಾಗಾಗಿ ಗೇಟಿನ ಹತ್ತಿರ ದಿನಾ ಕೆಲಸಕ್ಕೆ ಕಾಯುತ್ತಿದ್ದ ಕಡ್ಡಿಗೆ ದುಂಡಕ್ಕನ ಅಂಗಿ ಹಾಕಿ ಒಳಗೆ ಬಿಟ್ಟರು. ಹಾಜರಿ ದುಂಡಕ್ಕನ ಹೆಸರಿಗೆ ಬೀಳುತ್ತಿತ್ತು, ಬೆನ್ನು ಕಡ್ಡಿಯದು ನೋಯುತ್ತಿತ್ತು. ಇದನ್ನೆಲ್ಲ ಮಾಡಿದವನು ಮೇಸ್ತ್ರಿ. ಕೊರಳಲ್ಲಿ ಯಾವಾಗಲೂ ಸೀಟಿ ನೇತುಹಾಕಿಕೊಂಡಿರುತ್ತಾನೆ, ಅದನ್ನು ಊದಿ ಹೆಂಗಸರನ್ನು ಓಡಿಸುತ್ತಾನೆ. ಅವನ ಹೆಸರೇ ಸೀಟಿ ಅಂತಾಗಿದೆ. ಬೆಳಿಗ್ಗೆ ಎಲ್ಲರ ಪಾಸುಗಳನ್ನೂ ಅವನೇ ಕಟ್ಟಾಗಿ ಹಿಡಿದು ಗೇಟಿನಲ್ಲಿ ತೋರಿಸುತ್ತಿದ್ದ. ಗೇಟಿನವರು ತಲೆ ಎಣಿಸಿ ಬಿಡುತ್ತಿದ್ದರು. ಮುಖ ನೋಡುವ ಪುರುಸೊತ್ತು ಯಾರಿಗಿತ್ತು?

ದುಂಡಕ್ಕನ ಅಂಗಿ ಕಡ್ಡಿಗೆ ಎರಡಾಳು ಹಿಡಿಸುವಷ್ಟಿತ್ತು. ಎರಡನೇ ದಿನಕ್ಕೇ ಸೀಟಿ ತಡೆದು, "ಏನೇ ಇದು, ಗೂಟಕ್ಕೆ ನೇತುಹಾಕಿದ ಹಾಗಿದೆ. ಪ್ರಯಾಣಿಕರು ನೋಡಿದ್ರೆ ಏನಂದ್ಕೋತಾರೆ? ಹೊಲಿಸ್ಕೊಂಡು ಬಾ" ಅಂದನಂತೆ. ನಾನೇ ಹೊಲಿದೆ. ಊಟದ ಬಿಡುವಿನಲ್ಲಿ, ಲಾಂಡ್ರಿಯ ಮಿಷನ್ನಿನಲ್ಲಿ, ಎರಡೂ ಪಕ್ಕೆ ಒಳಗಡೆ ಹಿಡಿದೆ. ನೀಲಿ ದಾರ ಮುಗಿದಿತ್ತು, ನಂಬರು ಗುರುತು ಹಾಕುವ ಹಸಿರು ದಾರದಲ್ಲೇ ಓಡಿಸಿದೆ. ಒಳಗಡೆ ತಾನೆ, ಯಾರಿಗೆ ಕಾಣುತ್ತದೆ.

ಗುರುವಾರ ಸಂಜೆಯೇ ಆಸ್ಪತ್ರೆಯ ಶವಾಗಾರದಲ್ಲಿ ಅವಳನ್ನು ನೋಡಿದೆವು. ಬೆಂಕಿ ತಾಗಿರಲಿಲ್ಲ. ತಗಡಿನ ಮಾಡಿನ ಕಬ್ಬಿಣದ ತೊಲೆ ಭುಜದ ಮೇಲೆ ಬಿದ್ದಿತ್ತು. ಮುಖ ಹಾಗೇ ಇತ್ತು. ಅಮ್ಮ ಅವಳ ಕೂದಲಲ್ಲಿದ್ದ ಧೂಳು ಕೊಡವುತ್ತಾ ಕೂತುಬಿಟ್ಟಳು. ಎಬ್ಬಿಸಲು ಇಬ್ಬರು ಬೇಕಾಯಿತು.

ಶುಕ್ರವಾರ ಬೆಳಿಗ್ಗೆ ಮನೆಗೆ ತರೋಣ ಅಂತ ಹೋದರೆ ಗುತ್ತಿಗೆದಾರರ ಗುಮಾಸ್ತ ಕಾಗದ ಹಿಡಿದು ನಿಂತಿದ್ದ. ನಲವತ್ತೊಂದನೇ ನಂಬರಿನವಳು ಬದುಕಿದ್ದಾಳೆ, ಮನೆಯಲ್ಲಿದ್ದಾಳೆ ಅಂದ. ಹಾಗಾದರೆ ಸತ್ತವಳು ಯಾರು? "ಅನುಮತಿ ಇಲ್ಲದೆ ಒಳಗೆ ನುಗ್ಗಿದ ಹೊರಗಿನ ಹೆಂಗಸು." ಕಾಗದದಲ್ಲಿ ಹಾಗೇ ಬರೆದಿತ್ತು. ಅದರ ಕೆಳಗೆ ಮನೆಯವರು ಸಹಿ ಹಾಕಿದರೆ ದೇಹ ಕೊಡುತ್ತಾರಂತೆ. ಅಮ್ಮ ಆಗಲೇ ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು ಮುಂದೆ ಹೋದಳು. ನಾನು ಅವಳ ಕೈ ಹಿಡಿದು ಎಳೆದೆ.

"ಬಿಡೇ. ಹಾಕಿ ಕರ್ಕೊಂಡು ಹೋಗೋಣ."

"ಅಮ್ಮ, ಕದ್ದು ನುಗ್ಗಿದವಳು ಅಂತ ಬರೆದಿದ್ದಾರೆ."

"ಏನಾದ್ರೂ ಬರ್ಕೊಳ್ಳಲಿ. ಬರೆದಿದ್ದನ್ನ ಅವಳು ಓದ್ತಾಳಾ? ಅವಳಿಗೆ ಅಲ್ಲಿ ಚಳಿಯಾಗ್ತಿದೆ ಕಣೇ. ನೀನು ಮುಟ್ಟಿ ನೋಡಿದ್ಯಾ? ಮಂಜುಗಡ್ಡೆ ಆಗಿದ್ದಾಳೆ."

ನಾನು ಬಿಡಲಿಲ್ಲ. ಅವತ್ತಿನಿಂದ ಅಮ್ಮ ಶವಾಗಾರದ ಮೆಟ್ಟಿಲ ಮೇಲೆ ಕೂತಳು. ನಾನು ರೊಟ್ಟಿ ತಂದುಕೊಟ್ಟರೆ ಮುಖ ತಿರುಗಿಸುತ್ತಿದ್ದಳು. ಹೆತ್ತವಳ ಕೈ ಹಿಡಿದು ತಡೆದ ಪಾಪಿ ನಾನು. ಅಪ್ಪ ಸತ್ತಾಗ ಕಡ್ಡಿ ನನ್ನ ಸೊಂಟದ ಮೇಲಿದ್ದಳು, ನಾನೇ ಎತ್ತಿ ಆಡಿಸಿದವಳು. ಅವಳಿಗೆ ಚಳಿಯಾಗುತ್ತಿದೆ ಅಂದರೆ ನನಗೆ ಏನೂ ಅನ್ನಿಸುವುದಿಲ್ಲವೇ? ಆದರೆ ಕಳ್ಳಿ ಅನ್ನಿಸಿಕೊಂಡು ಅವಳು ಮಣ್ಣಿಗೆ ಹೋಗುವುದು ನನ್ನಿಂದ ಸಹಿಸಲಾಗಲಿಲ್ಲ.

ದುಂಡಕ್ಕನ ಮನೆಗೆ ಹೋದೆ. ಒಂದೇ ಕೋಣೆ, ಕಾಲಿಗೆ ಹಾಕಿದ ಪಟ್ಟಿ ಕೊಳೆಯಾಗಿತ್ತು. ನನ್ನನ್ನು ನೋಡಿದ್ದೇ ಗೋಡೆ ಕಡೆ ತಿರುಗಿದಳು. ಸೀಟಿ ಆಗಲೇ ಬಂದು ಹೋಗಿದ್ದ. ಒಣಹಾಕಿದ ಹಗ್ಗದಿಂದ ಅಂಗಿ ಕಳುವಾಗಿತ್ತು ಅಂತ ಬರೆಸಿಕೊಂಡಿದ್ದ.

"ನೀನೇ ಅಲ್ವಾ ಅವಳಿಗೆ ಅಂಗಿ ತೊಡಿಸಿ ಕಳಿಸಿದವಳು? ಗುಂಡಿ ಹಾಕಿದವಳು ನೀನೇ ಅಲ್ವಾ?"

"ಹೌದು ತಾಯಿ."

"ಮತ್ತೆ?"

"ನಿಜ ಹೇಳಿದ್ರೆ ನಾನೂ ಹೋಗ್ತೀನಿ. ಈ ಕಾಲಲ್ಲಿ ಇನ್ನೆಲ್ಲಿ ಕೆಲಸ ಕೊಡ್ತಾರೆ? ಸತ್ತವಳು ಹೇಗೂ ಸತ್ತಳು. ನನ್ನ ಹೊಟ್ಟೆ ಮೇಲೆ ಹೊಡೀಬೇಡ ತಾಯಿ."

ಉಗಿಯಬೇಕು ಅಂತಲೇ ಹೋಗಿದ್ದೆ. ಬಾಯಿ ಒಣಗಿತ್ತು. ಅವಳ ನೀರಿನ ತಂಬಿಗೆ ಕೈಗೆ ಸಿಗದಷ್ಟು ದೂರದಲ್ಲಿತ್ತು. ಅದನ್ನು ಹತ್ತಿರ ಸರಿಸಿಟ್ಟು ಬಂದೆ. ಯಾಕೆ ಸರಿಸಿದೆನೋ ಗೊತ್ತಿಲ್ಲ, ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಸೋಮವಾರದಿಂದ ವಿಮಾನದ ಬಟ್ಟೆಗಳು ಬರತೊಡಗಿದವು. ಎಲ್ಲ ಪೊಟ್ಟಣ ಕಟ್ಟಿ, ನಂಬರು ಹಾಕಿ, ಒಂದೊಂದಕ್ಕೂ ಚೀಟಿ. ಚೀಟಿಯಲ್ಲಿ ಎರಡು ಚೌಕ. ಒಂದು, ಒಗೆದು ಕೊಡಿ. ಇನ್ನೊಂದು, ಇದ್ದ ಹಾಗೇ ಕೊಡಿ. ಸತ್ತವರ ಮನೆಯವರು ಯಾವುದಕ್ಕೆ ಗುರುತು ಹಾಕಿದ್ದಾರೋ ಹಾಗೆ ಮಾಡಬೇಕು. ಕೂಸಿನ ಕಾಲುಚೀಲ ಒಗೆದೆ. ಯಾರದೋ ಮದುವೆಗೆ ಅಂತ ಹೊಲಿಸಿದ ರೇಷ್ಮೆ ಒಗೆದೆ. ಸೀಮೆಎಣ್ಣೆಯ ಥರದ ವಾಸನೆ ಬೆರಳ ಸಂದಿಯಲ್ಲಿ ಕೂತುಬಿಟ್ಟಿತು. ಇಸ್ತ್ರಿ ತಾತ ಒಂದೊಂದನ್ನೂ ಬಿಸಿ ಕಮ್ಮಿ ಮಾಡಿ ಮಾಡಿ ತಿಕ್ಕಿದ. ಯಾವಾಗಲೂ ವಟವಟ ಅನ್ನುವ ಮುದುಕ, ಎರಡು ದಿನ ತುಟಿ ಬಿಚ್ಚಲಿಲ್ಲ.

ಪೊಟ್ಟಣ ತರುತ್ತಿದ್ದವಳು ಕಂಪನಿಯ ಒಬ್ಬ ಮೇಡಂ. ಎದೆ ಮೇಲೆ 'ಆಸರೆ' ಅಂತ ಬರೆದ ಬಿಲ್ಲೆ. ಸತ್ತವರ ಮನೆಯವರನ್ನೆಲ್ಲ ದೊಡ್ಡ ಹೋಟೆಲಿನಲ್ಲಿ ಇಳಿಸಿದ್ದರು. ಒಂದೊಂದು ಕುಟುಂಬಕ್ಕೂ ಇಂಥ ಒಬ್ಬೊಬ್ಬ ಆಸರೆಯವರು. ಕೋಣೆ, ಊಟ, ಡಾಕ್ಟರು, ಅಳುವಾಗ ಪಕ್ಕದಲ್ಲಿ ಕೂರುವುದು, ಎಲ್ಲ ಅವರೇ. ಮಾಡಲಿ. ಮಾಡಬೇಕಾದದ್ದೇ. ಸತ್ತವರ ಮೇಲೆ ನನಗೇನು ಹೊಟ್ಟೆಕಿಚ್ಚು?

"ಒಗೆಯದೇ ಕೊಡಿ ಅಂತ ಯಾಕೆ ಕೇಳ್ತಾರೆ ಮೇಡಂ?" ಅಂತ ಕೇಳಿದೆ. ಗಂಡಸಿನ ಸ್ವೆಟರು ನನ್ನ ಕೈಯಲ್ಲಿತ್ತು.

"ವಾಸನೆಗಮ್ಮ. ಒಗೆದರೆ ಅವರ ಮೈವಾಸನೆ ಹೋಗಿಬಿಡುತ್ತಲ್ಲ. ಕೆಲವರಿಗೆ ಅದೇ ಬೇಕು. ಅದಕ್ಕೇ ಕೇಳದೆ ನಾವು ಏನೂ ಮಾಡಲ್ಲ."

"ಎಲ್ಲರನ್ನೂ ಕೇಳ್ತೀರಾ?"

"ಪ್ರತಿಯೊಂದು ಕುಟುಂಬವನ್ನೂ."

ಆಗ ಹೇಳಿದೆ. ತಂಗಿಯ ವಿಷಯ, ಶೆಡ್ಡು, ಬದಲಿ, ಮೆಟ್ಟಿಲ ಮೇಲೆ ಕೂತ ಅಮ್ಮ, ಎಲ್ಲ. ಅವಳ ಕಣ್ಣಲ್ಲಿ ನೀರು ಬಂತು. ಸುಳ್ಳು ನೀರಲ್ಲ. ಆಮೇಲೆ ಕೈಯಲ್ಲಿದ್ದ ಪಟ್ಟಿ ತಿರುವಿ ಹಾಕಿದಳು. "ನನ್ನದು ವಿಮಾನದೊಳಗೆ ಇದ್ದವರ ಪಟ್ಟಿ ಅಮ್ಮ. ಶೆಡ್ಡಿನವರದು ಗುತ್ತಿಗೆದಾರರಿಗೆ ಸೇರಿದ್ದು."

"ಗುತ್ತಿಗೆದಾರರು ಅವಳು ಇರಲೇ ಇಲ್ಲ ಅಂತಾರೆ."

"ಹಾಗಾದರೆ ನಾನೇನು ಮಾಡಲಿ ಹೇಳಿ." ನನ್ನ ಭುಜ ಸವರಿ, ಮೂಗು ಒರೆಸಿಕೊಳ್ಳಲು ಕಾಗದದ ಕರವಸ್ತ್ರ ಕೊಟ್ಟಳು. ನಾನು ಅಳುತ್ತಿರಲಿಲ್ಲ. ಅದರಲ್ಲಿ ಕೈ ಒರೆಸಿಕೊಂಡು ಕೆಲಸಕ್ಕೆ ಕೂತೆ.

ಬುಧವಾರ ಗುತ್ತಿಗೆದಾರರ ವಾರದ ಗಂಟು ಬಂತು. ಏನಾದರೂ ಆಗಲಿ, ಬುಧವಾರ ಅಂದರೆ ಬುಧವಾರ. ಗುಡಿಸುವವರ ನೀಲಿ ಅಂಗಿಗಳು, ಹತ್ತೊಂಬತ್ತು. ಗಂಟು ಬಿಚ್ಚಿ ಒಂದೊಂದೇ ಎಣಿಸುತ್ತಾ ಹೋದೆ. ಹನ್ನೊಂದನೆಯದು ಕೈಗೆ ಬಂದಾಗ ಅದರ ಭುಜ ರಟ್ಟಿನ ಹಾಗೆ ಗಟ್ಟಿಯಾಗಿತ್ತು. ಕಾಲರಿನಲ್ಲಿ ನಲವತ್ತೊಂದು. ಅಂಗಿಯ ಮೇಲಿನ ಮುದ್ರೆ ನೋಡಿ ಶವಾಗಾರದವರು ಅದನ್ನು ಗುತ್ತಿಗೆದಾರರಿಗೆ ಕಳಿಸಿದ್ದರು. ಗುತ್ತಿಗೆದಾರರು ಒಗೆತಕ್ಕೆ ಹಾಕಿದ್ದರು.

ಅದಕ್ಕೂ ಒಂದು ಚೀಟಿಯಿತ್ತು. ಎರಡು ಚೌಕದ್ದಲ್ಲ. ಹರಿದ ಹಾಳೆ, ಸೀಟಿಯ ಕೈಬರಹ. ಒಗೆದು, ಹೊಲಿಗೆ ಬಿಚ್ಚಿ ಕೊಡುವುದು. ತುರ್ತು.

ಈಗ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನ್ನ ಕೈ ತಾನಾಗಿ ಹೋಗಿ ತಣ್ಣೀರಿನ ನಲ್ಲಿ ತಿರುಗಿಸಿತು. ತೊಟ್ಟಿ ತುಂಬತೊಡಗಿತು. ನಾನು ಅಂಗಿ ಹಿಡಿದು ತೊಟ್ಟಿಯ ಮೇಲೆ ಬಾಗಿದ್ದೆ. ಹದಿನಾಲ್ಕು ವರ್ಷದ ಚಾಳಿ. ಇನ್ನೊಂದು ಗೇಣು ಬಗ್ಗಿದ್ದರೆ ಮುಗಿದಿತ್ತು. ಒಳಗಿನ ಹಸಿರು ದಾರ ಕಣ್ಣಿಗೆ ಬಿತ್ತು. ಅಂಗಿಯನ್ನು ಮುಖಕ್ಕೆ ಒತ್ತಿಕೊಂಡೆ. ರಕ್ತದ ವಾಸನೆ, ಕಕ್ಕಸು ತೊಳೆಯುವ ಔಷಧದ ವಾಸನೆ, ಕಂಕುಳಲ್ಲಿ ಮಾತ್ರ ಅವಳು. ಅಲ್ಲೇ ಒದ್ದೆ ನೆಲದ ಮೇಲೆ ಕೂತೆ. ಆರು ದಿನದಿಂದ ಬಾರದಿದ್ದ ಅಳು ಆಗ ಬಂತು.

ಎದ್ದು ನಲ್ಲಿ ನಿಲ್ಲಿಸಿದೆ.

"ತಾತ, ಇದನ್ನ ಒಗೆಯಲ್ಲ."

ಇಸ್ತ್ರಿ ತಾತ ಅಂಗಿ ನೋಡಿದ, ನನ್ನ ಮುಖ ನೋಡಿದ. "ನೀನು ಒಗೆಯದಿದ್ರೆ ಇನ್ನೊಬ್ಬಳ ಕೈಗೆ ಕೊಡ್ತಾರೆ ಮಗಳೇ."

"ಅವಳೂ ಒಗೆಯಲ್ಲ."

ಪಕ್ಕದ ತೊಟ್ಟಿಯವಳು ಕೈಯಲ್ಲಿದ್ದ ಬಟ್ಟೆ ಬಿಟ್ಟಳು. ತಾತ ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು ತಂತಿ ಕಿತ್ತ. "ನನಗೂ ಸೊಂಟ ಹಿಡ್ಕೊಂಡಿದೆ" ಅಂದ. ಒಬ್ಬೊಬ್ಬರೇ ಮಿಷನ್ನು ನಿಲ್ಲಿಸಿದರು.

ಗಂಟೆಯೊಳಗೆ ಸೀಟಿ ಓಡಿ ಬಂದ. ತುರ್ತು ಅಂತ ಬರೆದಿದ್ದನಲ್ಲ.

"ಎಲ್ಲಿ ಅದು? ಕೊಡು ಇಲ್ಲಿ."

"ಏನನ್ನ ಕೊಡಲಿ?"

"ಅಂಗಿ. ಕಂಪನಿ ಸ್ವತ್ತು ಅದು. ನಿಮ್ಮಪ್ಪನ ಮನೇದಲ್ಲ."

"ಕಂಪನಿ ಸ್ವತ್ತು ಹೊರಗಿನ ಹೆಂಗಸಿನ ಮೈಮೇಲೆ ಹೇಗೆ ಬಂತು?"

"ಕದ್ದಳು. ಹಗ್ಗದ ಮೇಲಿಂದ ಕದ್ದಳು. ನಿನ್ನ ತಂಗಿ ಕಳ್ಳಿ. ಹೇಳಿಕೆ ಬರೆಸಿಟ್ಟಿದ್ದೀನಿ, ಬೇಕಾದ್ರೆ ಓದಿ ಹೇಳ್ತೀನಿ."

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಅವನ ಚೀಟಿಯನ್ನು ಅವನ ಮೂಗಿನ ಮುಂದೆ ಹಿಡಿದೆ.

"ಇದು ನಿನ್ನ ಬರಹ ತಾನೆ?"

"ಹೌದು, ಏನೀಗ?"

"ಹೊಲಿಗೆ ಬಿಚ್ಚಿ ಅಂತ ಬರೆದಿದ್ದೀಯ. ಹೊರಗಡೆಯಿಂದ ನೋಡು, ಎಲ್ಲಾದ್ರೂ ಹೊಲಿಗೆ ಕಾಣುತ್ತಾ? ಒಳಗಡೆ ಹಾಕಿದ ಹೊಲಿಗೆ. ಹಾಕಿದವಳು ನಾನು. ಹಾಕಿಸ್ಕೊಂಡವಳು ನನ್ನ ತಂಗಿ. ಇವೆರಡು ಜೀವ ಬಿಟ್ರೆ ಅದು ಗೊತ್ತಿದ್ದದ್ದು ಹೊಲಿಸ್ಕೊಂಡು ಬಾ ಅಂತ ಹೇಳಿದವನಿಗೆ. ಕದ್ದ ಅಂಗಿಗೆ ಅಳತೆ ನೋಡಿದ್ಯಾ ನೀನು?"

ಅವನು ಕೈ ಚಾಚಿ ಚೀಟಿ ಕಸಿಯಲು ಬಂದ. ಪಕ್ಕದ ತೊಟ್ಟಿಯವಳು ಅಡ್ಡ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಹನ್ನೆರಡು ಹೆಂಗಸರು, ಮೊಣಕೈವರೆಗೆ ಸೋಪು. ಯಾರೂ ಅವನನ್ನು ಮುಟ್ಟಲಿಲ್ಲ.

"ನಿಮ್ಮೆಲ್ಲರ ಕೆಲಸ ಹೋಗುತ್ತೆ, ನೋಡ್ತಿರಿ" ಅಂದ. ದನಿ ಮೊದಲಿನ ಹಾಗಿರಲಿಲ್ಲ. ಹಿಂದೆ ಹಿಂದೆ ಸರಿದು, ಒದ್ದೆ ನೆಲದಲ್ಲಿ ಜಾರಿ, ಬಾಗಿಲು ಹಿಡಿದುಕೊಂಡು ಹೋದ.

ನಾನು ಕಂಪನಿಯವರ ಪೊಟ್ಟಣದ ಚೀಲವನ್ನೇ ಒಂದು ತೆಗೆದುಕೊಂಡೆ. ಅಂಗಿ ಮಡಚಿ ಅದರಲ್ಲಿಟ್ಟೆ. ಎರಡು ಚೌಕದ ಖಾಲಿ ಚೀಟಿ ಬಹಳ ಬಿದ್ದಿದ್ದವು, ಒಂದರಲ್ಲಿ ತಂಗಿಯ ಪೂರ್ತಿ ಹೆಸರು ಬರೆದು, ಇದ್ದ ಹಾಗೇ ಕೊಡಿ ಅನ್ನುವುದಕ್ಕೆ ಗುರುತು ಹಾಕಿದೆ. ಅಲ್ಲಿಂದ ನೇರ ಶವಾಗಾರಕ್ಕೆ ನಡೆದು ಅಮ್ಮನನ್ನು ಎಬ್ಬಿಸಿದೆ. ಎಲ್ಲಿಗೆ ಅಂತಲೂ ಕೇಳದೆ ಬಂದಳು. ಕೊನೆಗೂ ಸಹಿ ಹಾಕಿಸಲು ಕರೆದುಕೊಂಡು ಹೋಗುತ್ತಿದ್ದೇನೆ ಅಂದುಕೊಂಡಿದ್ದಳು.

ಹೋಟೆಲಿನ ಹಜಾರದಲ್ಲಿ ಸಾಮಾನು ಹಿಂತಿರುಗಿಸುವ ಕೆಲಸ ನಡೆದಿತ್ತು. ಉದ್ದನೆಯ ಮೇಜು, ಅದರ ಮೇಲೆ ನಾವು ಕಟ್ಟಿಕೊಟ್ಟ ಪೊಟ್ಟಣಗಳು. ಕುರ್ಚಿಗಳ ಬೆನ್ನಿಗೆ 'ಕುಟುಂಬದವರಿಗೆ' ಅಂತ ಬರೆದ ಕಾಗದ. ಆಸರೆ ಮೇಡಂ ಒಂದೊಂದು ಹೆಸರು ಕರೆಯುತ್ತಿದ್ದಳು. ಕಾವಲಿನವನು ನನ್ನನ್ನು ತಡೆಯಲಿಲ್ಲ, ಮೈಮೇಲೆ ಲಾಂಡ್ರಿಯ ಬಟ್ಟೆಯಿತ್ತು. ನಾನು ಹೋಗಿ ನನ್ನ ಪೊಟ್ಟಣವನ್ನು ಉಳಿದವುಗಳ ಸಾಲಿನಲ್ಲಿಟ್ಟೆ.

"ಈ ಹೆಸರನ್ನೂ ಕರೀರಿ ಮೇಡಂ."

ಅವಳು ಚೀಟಿ ಓದಿದಳು. "ಇದು ಪಟ್ಟಿಯಲ್ಲಿ ಇಲ್ಲಮ್ಮ."

"ಬರ್ಕೊಳ್ಳಿ. ಪೆನ್ನು ಇದೆಯಲ್ಲ."

ಸೀಟಿ ಸುದ್ದಿ ಮುಟ್ಟಿಸಿದ್ದನೋ ಏನೋ, ಅಷ್ಟರಲ್ಲಿ ಗುಮಾಸ್ತ ಕಾಗದದ ಸಮೇತ ಬಂದ. ನನ್ನನ್ನು ಬಿಟ್ಟು ನೇರ ಅಮ್ಮನ ಹತ್ತಿರ ಹೋದ. ಅವನಿಗೆ ಗೊತ್ತಿತ್ತು ಯಾರು ಬಾಗುತ್ತಾರೆ ಅಂತ. "ಅಮ್ಮಾ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಇಲ್ಲೊಂದು ಹೆಬ್ಬೆಟ್ಟು ಒತ್ತಿ. ಈಗಿಂದೀಗಲೇ ಮಗಳನ್ನ ಕರ್ಕೊಂಡು ಹೋಗಿ. ಗಾಡಿನೂ ನಾವೇ ಕೊಡ್ತೀವಿ."

ಅಮ್ಮ ಕೈ ಮುಂದೆ ಮಾಡಿದಳು. ಅವನು ಶಾಯಿಯ ಡಬ್ಬಿ ತೆರೆದ. ನಾನು ಈ ಸಲ ಅವಳ ಕೈ ಹಿಡಿಯಲಿಲ್ಲ. ಇನ್ನೊಂದು ಸಲ ಹಿಡಿಯುವ ಧೈರ್ಯ ನನಗಿರಲಿಲ್ಲ. ಪೊಟ್ಟಣ ಬಿಚ್ಚಿ ಅಂಗಿಯನ್ನು ಅವಳ ಚಾಚಿದ ಕೈ ಮೇಲೆ ಹಾಕಿದೆ, ಅಷ್ಟೇ.

ಅಮ್ಮ ಅದನ್ನು ಮುಟ್ಟಿದಳು. ಗಟ್ಟಿಯಾದ ಭುಜ ಸವರಿದಳು. ಮೂಸಿ ನೋಡಿದಳು. ಬಹಳ ಹೊತ್ತು ಮುಖ ಅದರಲ್ಲೇ ಇಟ್ಟುಕೊಂಡಿದ್ದಳು.

"ಇದು ಎಲ್ಲಿ ಸಿಕ್ತು ನಿನಗೆ?"

"ಒಗೆಯೋಕೆ ಕಳಿಸಿದ್ರು ಅಮ್ಮ."

"ಏನಂತ?"

ಸೀಟಿಯ ಚೀಟಿ ಓದಿದೆ. ಒಗೆದು, ಹೊಲಿಗೆ ಬಿಚ್ಚಿ ಕೊಡುವುದು.

"ಯಾರಿಗೆ ಕೊಡೋದು?"

"ನಾಳೆ ಬರೋ ಇನ್ನೊಬ್ಬ ಹುಡುಗಿಗೆ."

ಹಜಾರದಲ್ಲಿ ಹೆಸರು ಕರೆಯುವುದು ನಿಂತಿತ್ತು. ಅಮ್ಮ ತಲೆ ಎತ್ತಿ ಗುಮಾಸ್ತನನ್ನು ನೋಡಿದಳು. "ಮಗಾ, ಆ ಕಾಗದದಲ್ಲಿ ನನ್ನ ಮಗಳು ಏನು ಕೆಲಸಕ್ಕೆ ಬಂದಿದ್ಲು ಅಂತ ಬರೆದಿದ್ದೀಯ?"

"ಅದರಲ್ಲಿ ಕೆಲಸದ ವಿಷಯ ಇಲ್ಲಮ್ಮ."

"ಐದು ಗಂಟೆಗೆ ಏಳ್ತಿದ್ಲು. ಮಂಡಿಗೆ ಎಣ್ಣೆ ತಿಕ್ಕಿ ಕಳಿಸ್ತಿದ್ದವಳು ನಾನು. ನುಗ್ಗಿದವಳಿಗೆ ಯಾರಾದ್ರೂ ಎಣ್ಣೆ ತಿಕ್ಕಿ ಕಳಿಸ್ತಾರಾ? ಅವಳು ದುಡಿಯೋಕೆ ಬಂದಿದ್ಲು, ದುಡೀತಾ ಇದ್ದಾಗ ಸತ್ತಳು. ಹಾಗೆ ಬರಿ."

"ಹಾಗೆ ಬರೆಯೋಕೆ ನನಗೆ ಅಧಿಕಾರ ಇಲ್ಲಮ್ಮ. ನೀವು ಹಟ ಮಾಡಿದ್ರೆ ಅವಳು ಅಲ್ಲೇ ಇರಬೇಕಾಗುತ್ತೆ."

"ಇರ್ಲಿ" ಅಂದಳು ಅಮ್ಮ. "ಅಧಿಕಾರ ಇರೋವನನ್ನ ಕರೆಸು. ಅಲ್ಲೀವರೆಗೆ ಅವಳು ಅಲ್ಲೇ ಇರ್ಲಿ. ಚಳಿಯಾದ್ರೂ ತಡ್ಕೋತಾಳೆ, ನನ್ನ ಮಗಳು."

ಕುಟುಂಬದವರಿಗೆ ಅಂತ ಬರೆದ ಒಂದು ಕುರ್ಚಿ ಎಳೆದುಕೊಂಡು, ಅಂಗಿಯನ್ನು ಮಡಿಲಲ್ಲಿಟ್ಟುಕೊಂಡು, ಮೇಜಿಗೆ ಎದುರಾಗಿ ಕೂತಳು. ಕಾವಲಿನವನು ಎರಡು ಹೆಜ್ಜೆ ಬಂದು ನಿಂತ. ಆಸರೆ ಮೇಡಂ ಬೇಡ ಅನ್ನುವ ಹಾಗೆ ಕೈ ಎತ್ತಿದಳು.

ಇದು ನಡೆದು ಮೂರು ದಿನವಾಯಿತು. ಅಧಿಕಾರ ಇರುವವನು ಇನ್ನೂ ಬಂದಿಲ್ಲ. ಲಾಂಡ್ರಿಯಲ್ಲಿ ಇನ್ನೂ ಯಾರೂ ನಲ್ಲಿ ತಿರುಗಿಸಿಲ್ಲ. ಅಮ್ಮ ಎದ್ದಿಲ್ಲ.